ಮಾಳಯ ಅಮಾವಾಸ್ಯೆಗೆ ಫ್ಲ್ಯಾಟ್‌ನಲ್ಲಿ ಎಡೆ: ಏನೇನು, ಎಷ್ಟೆಷ್ಟು, ಯಾವ ಹೊತ್ತಿಗೆ?

ಮೂರನೇ_ಮಹಡಿ
2026ರ ಮಾಳಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಮುತ್ತೈದೆಯಾಗಿ ಮೊದಲು ಹೋದವರು, ಆಮೇಲೆ ಅಪ್ಪ. ಎಡೆ ಇಷ್ಟು ದಿನ ಊರಲ್ಲೇ ಆಗ್ತಿತ್ತು, ಈ ಸಲದಿಂದ ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಲ್ಲಿ. ಎಂಟು ಜನ ಊಟಕ್ಕೆ. ಮಂಡ್ಯ ಕಡೆ ಪದ್ಧತಿ, ಬಾಡೂಟ ಉಂಟು. ಎಷ್ಟು ಎಲೆ, ಯಾವ ಹೊತ್ತು, ಕಾಗೆ ಬರದಿದ್ರೆ ಏನು, ಕಜ್ಜಾಯ ಎಣ್ಣೇಲಿ ಬಿಚ್ಚಿಕೊಳ್ಳದ ಹಾಗೆ ಮಾಡೋದು ಹೇಗೆ? ಗೊತ್ತಿರೋರು ಅಳತೆ ಸಮೇತ ಹೇಳಿ. "ಭಕ್ತಿ ಇದ್ರೆ ಸಾಕು" ಅನ್ನೋ ಉತ್ತರ ಬೇಡ, ಅದು ಇದೆ.

ಒರಳುಕಲ್ಲು
ಜಾಗದಿಂದ ಶುರು ಮಾಡಿ. ದೇವರ ಗೂಡಿನ ಮುಂದೆ ಇಡಬೇಡಿ, ಹಿರಿಯರಿಗೆ ಬೇರೆ ಜಾಗ. ಹಾಲ್‌ನಲ್ಲಿ ಒಂದು ಗೋಡೆ ಬದಿ ಒರೆಸಿ, ಮಣೆ ಹಾಕಿ, ಅದರ ಮೇಲೆ ಹೊಸ ಬಟ್ಟೆ: ಅಪ್ಪನಿಗೆ ಪಂಚೆ, ಶರ್ಟಿನ ಬಟ್ಟೆ, ಟವೆಲ್ಲು, ಅಮ್ಮನಿಗೆ ಸೀರೆ, ರವಿಕೆ ಕಣ, ಬಳೆ, ಅರಿಶಿನ ಕುಂಕುಮ, ಹೂವು. ಬೆಲೆ ಚೀಟಿ ಕಿತ್ತು ಇಡಿ, ಎಷ್ಟೋ ಮನೇಲಿ ಅದು ಹಾಗೇ ನೇತಾಡ್ತಿರುತ್ತೆ. ಬಟ್ಟೆ ಪಕ್ಕ ಕಳಸ. ಪೂಜೆ ಆದ ಮೇಲೆ ಆ ಬಟ್ಟೆ ಮನೆಯವರೇ ಉಡೋದು, ಹಾಗಾಗಿ ಉಡುವಂಥದ್ದೇ ತನ್ನಿ.

ಎಲೆ ಎಷ್ಟು ಅನ್ನೋದು ಮನೆ ಲೆಕ್ಕ. ಇಬ್ಬರಿಗೆ ಎರಡು, ಹಿಂದಿನ ಹಿರಿಯರಿಗೆಲ್ಲ ಸೇರಿ ಒಂದು, ಒಟ್ಟು ಮೂರು ಇಟ್ಟರೆ ಯಾರೂ ತಕರಾರು ಮಾಡಲ್ಲ. ತುದಿ ಇರೋ ಬಾಳೆ ಎಲೆ ಬೇಕು ಅಂದ್ರೆ ಗುರುವಾರವೇ ಹೇಳಿಡಿ, ಹಬ್ಬದ ಬೆಳಗ್ಗೆ ಸಿಗೋದು ಹರಿದ ಸೀಳು.

ಎಂಟು ಜನಕ್ಕೆ ಅಳತೆ: ಮಟನ್ 2 ಕೆ.ಜಿ., ಅದರಲ್ಲಿ ಅರ್ಧ ಕೆ.ಜಿ. ಕೈಮ ಉಂಡೆಗೆ. ಅಕ್ಕಿ ಒಂದೂಕಾಲು ಕೆ.ಜಿ., ಮುದ್ದೆ ಬೇರೆ. ವಡೆಗೆ ಉದ್ದಿನಬೇಳೆ ಕಾಲು ಕೆ.ಜಿ., ಇಪ್ಪತ್ತರ ಮೇಲೆ ವಡೆ ಆಗುತ್ತೆ. ಬೇಳೆ ಎರಡು ಗಂಟೆಗಿಂತ ಜಾಸ್ತಿ ನೆನೆಸಬೇಡಿ, ರುಬ್ಬೋವಾಗ ನೀರು ಚಿಮುಕಿಸಿ ಅಷ್ಟೇ. ಹಿಟ್ಟು ನೀರಾದ್ರೆ ವಡೆ ಎಣ್ಣೆ ಕುಡಿಯುತ್ತೆ. ಒಂದು ಸಿಹಿಗುಂಬಳದ ಪಲ್ಯ, ಒಂದು ಕಾಳಿನ ಹುಳಿ ಇರಲಿ.

ಇನ್ನೊಂದು. ಎಡೆಗೆ ಇಡೋ ತನಕ ಯಾರೂ ರುಚಿ ನೋಡೋ ಹಾಗಿಲ್ಲ. ಅಲ್ಲೇ ಉಪ್ಪು ಕೈ ಕೊಡೋದು. ಕಣ್ಣಳತೆ ನಂಬಬೇಡಿ: ಒಂದು ಕೆ.ಜಿ. ಮಾಂಸಕ್ಕೆ ಒಂದು ಲೀಟರ್ ನೀರು ಹಾಕಿ ಸಾರು ಮಾಡಿದ್ರೆ ಸಮ ಮಟ್ಟದ ಮೂರು ಟೀ ಚಮಚ ಪುಡಿಯುಪ್ಪು. ಹುಳಿ, ತಿಳಿಸಾರಿಗೆ ಲೀಟರಿಗೆ ಒಂದೂವರೆ ಚಮಚ. ಕಲ್ಲುಪ್ಪಾದ್ರೆ ತೂಕದಲ್ಲಿ ಹಾಕಿ, ಚಮಚದಲ್ಲಿ ಅಲ್ಲ.

ಕೊಕ್ಕರೆ_ಬೆಳ್ಳೂರಲ್ಲ
ಉಪ್ಪಿಲ್ಲದ ಸಾರು ನೋಡಿ ಹಿರಿಯರು ಎದ್ದು ಹೋಗ್ತಾರೆ ಅಂತ ಭಯ ಇದ್ದೋರಿಗೆ ಈ ಪೋಸ್ಟ್ ಪಿನ್ ಮಾಡಿ 😄

ತಿಥಿವಾರ
ಹೊತ್ತಿನ ವಿಚಾರ. ಹಗಲನ್ನ ಐದು ಭಾಗ ಮಾಡಿದ್ರೆ ನಾಲ್ಕನೇದು ಅಪರಾಹ್ನ, ಪಿತೃಕಾರ್ಯಕ್ಕೆ ಅದೇ ಕಾಲ. ಹಗಲನ್ನ ಹದಿನೈದು ಮುಹೂರ್ತ ಮಾಡಿದ್ರೆ ಎಂಟನೇದು ಕುತುಪ, ಶುರು ಮಾಡೋಕೆ ಅದು ಒಳ್ಳೇದು. ಬೆಂಗಳೂರಲ್ಲಿ ಆ ದಿನ ಸೂರ್ಯೋದಯ 6.09, ಅಸ್ತ 6.03 ಅಂತ ಹಿಡಿದ್ರೆ ಕುತುಪ ಸುಮಾರು 11.42ರಿಂದ 12.30, ಅಪರಾಹ್ನ 1.17ರಿಂದ 3.40. ಅಮಾವಾಸ್ಯೆ ರಾತ್ರಿ 9.20ರ ಸುಮಾರಿಗೆ ಮುಗಿಯುತ್ತೆ, ಹಾಗಾಗಿ ಗೊಂದಲ ಇಲ್ಲ. ಬೆಳಗ್ಗೆ ಎಂಟಕ್ಕೇ ಮುಗಿಸಿ ಆಫೀಸಿಗೆ ಓಡೋ ಪದ್ಧತಿ ಯಾವ ಲೆಕ್ಕಕ್ಕೂ ಬರಲ್ಲ.

ತಾಯಿಗೆ ಅವಿಧವಾ ನವಮಿ ಇದೆ, ಮುತ್ತೈದೆಯಾಗಿ ಹೋದವರಿಗೆ ಮಾಡೋ ದಿನ, ಈ ಸಲ ಅಕ್ಟೋಬರ್ 4, ಭಾನುವಾರ. ಅವರದ್ದು ಆ ದಿನ ಮಾಡಿ.

ಅಗ್ರಹಾರದ_ಮೂಲೆ
@ತಿಥಿವಾರ ಅರ್ಧ ಸರಿ. ಅವಿಧವಾ ನವಮಿ ಗಂಡ ಬದುಕಿರೋ ತನಕ ಅನ್ನೋದು ಬಹಳ ಕಡೆ ರೂಢಿ. ತಂದೆಯೂ ಹೋದ ಮೇಲೆ ಅದು ನಿಂತು, ತಂದೆಯ ಮಹಾಲಯದ ಜೊತೆಗೇ ತಾಯಿಯದೂ ಸೇರುತ್ತೆ. ಆಮೇಲೂ ಮುಂದುವರಿಸೋ ಮನೆಗಳಿವೆ, ಆದರೆ ಪ್ರಶ್ನೆ ಕೇಳಿದವರಿಗೆ ಇಬ್ಬರೂ ಇಲ್ಲ. ಅಮಾವಾಸ್ಯೆಗೇ ಇಬ್ಬರಿಗೂ ಮಾಡಿದ್ರೆ ತಪ್ಪಿಲ್ಲ.

ತಿಥಿವಾರ
ಒಪ್ಪಿದೆ. ಪೋಸ್ಟ್ ಪೂರ್ತಿ ಓದದೆ ಉತ್ತರ ಬರೆದೆ. ಉಳಿದ ತಿಥಿಗಳೂ ಇಲ್ಲೇ ಇರಲಿ: ಸನ್ಯಾಸಿಗಳಿಗೆ ದ್ವಾದಶಿ, ಅಪಘಾತ ಅಥವಾ ಆಯುಧದಿಂದ ಹೋದವರಿಗೆ ಚತುರ್ದಶಿ, ತಿಥಿಯೇ ಗೊತ್ತಿಲ್ಲದವರಿಗೆ ಅಮಾವಾಸ್ಯೆ. ತೀರಿಕೊಂಡು ವರ್ಷ ತುಂಬಿರದಿದ್ರೆ ಬಹುತೇಕ ಮನೆಗಳಲ್ಲಿ ಆ ಸಲದ ಮಹಾಲಯ ಮಾಡಲ್ಲ.

ಬಾಡುಬಳಗ
ಯಾರೂ ಹೇಳದ ತೊಡಕು: ಅಮಾವಾಸ್ಯೆ ಶನಿವಾರ. ಶನಿವಾರ ಬಾಡು ಮುಟ್ಟದ ಮನೆ ಎಷ್ಟಿಲ್ಲ? ಭಾನುವಾರಕ್ಕೆ ತಳ್ಳೋಣ ಅಂದ್ರೆ 11ಕ್ಕೆ ಪಾಡ್ಯ, ನವರಾತ್ರಿ ಶುರು, ಘಟ ಕೂರಿಸೋ ಮನೇಲಿ ಬಾಡು ನಡೆಯಲ್ಲ. ಹಿಂದಕ್ಕೆ ಬನ್ನಿ. ಪಿತೃಪಕ್ಷ ಸೆಪ್ಟೆಂಬರ್ 27ಕ್ಕೇ ಶುರು, ಹಳ್ಳಿಗಳಲ್ಲಿ ಹದಿನೈದು ದಿನದಲ್ಲಿ ಮನೆಗೆ ಒಗ್ಗೋ ಯಾವುದೋ ಒಂದು ದಿನ ಎಡೆ ಇಡೋದು ಮಾಮೂಲಿ. ಅಕ್ಟೋಬರ್ 4ರ ಭಾನುವಾರ ಅಥವಾ 7ರ ಬುಧವಾರ ಇಟ್ಕೊಳ್ಳಿ.

2024ರಲ್ಲಿ ಇದಕ್ಕಿಂತ ಜೋರು ಫಜೀತಿ. ಅಮಾವಾಸ್ಯೆ ಅಕ್ಟೋಬರ್ 2ಕ್ಕೇ ಬಿತ್ತು, ಗಾಂಧಿ ಜಯಂತಿಗೆ ಬೆಂಗಳೂರಲ್ಲಿ ಮಾಂಸ ಮಾರೋ ಹಾಗಿಲ್ಲ. ಹಿಂದಿನ ರಾತ್ರಿ ತಂದು ಫ್ರಿಜ್‌ನಲ್ಲಿ ಇಟ್ಟೋರು ಇಟ್ರು, ಮಿಕ್ಕೋರು ಹಪ್ಪಳ ಕರಿದರು.

ಅಗ್ರಹಾರದ_ಮೂಲೆ
ಪಕ್ಷದಲ್ಲಿ ಮಾಂಸ, ಹೆಂಡ ಇಡೋದು ಶಾಸ್ತ್ರಕ್ಕೆ ವಿರುದ್ಧ ಅಂತ ಹೇಳಲೇಬೇಕು. ಶ್ರಾದ್ಧದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಇಂಗು, ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಎಲೆಕೋಸು ಯಾವುದೂ ಬರಲ್ಲ. ಖಾರಕ್ಕೆ ಕಾಳುಮೆಣಸು, ಬೇಳೆಗೆ ಹೆಸರುಬೇಳೆ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ, ಕೆಸುವಿನಗೆಡ್ಡೆ. ಸಿಹಿಗೆ ಎಳ್ಳುಂಡೆ, ಅತಿರಸ, ಪಾಯಸ.

ಬಾಡುಬಳಗ
ಯಾರ ಶಾಸ್ತ್ರ ಸಾರ್? ಅವರು ಕೇಳಿದ್ದು ಮಂಡ್ಯ ಕಡೆ ಎಡೆ, ನೀವು ಹೇಳ್ತಿರೋದು ಶ್ರಾದ್ಧದ ಎಲೆ. ಎರಡೂ ಬೇರೆ ಬೇರೆ ಕಾರ್ಯ, ದಿನ ಮಾತ್ರ ಒಂದು. ಜೀವಮಾನವೆಲ್ಲ ತಲೆಮಾಂಸದ ಸಾರು ಉಂಡೋರ ಮುಂದೆ ಹಾಗಲಕಾಯಿ ಇಟ್ಟು "ಉಣ್ಣಪ್ಪಾ" ಅಂದ್ರೆ ಅದು ಎಡೆ ಅಲ್ಲ, ಪಥ್ಯ.

ಹಂಚಿನಮಾಡು
ಹಾಗಲಕಾಯಿಗೆ ಬೈಬೇಡಿ ಮಾರಾಯ್ರೆ. ಶ್ರಾದ್ಧಕ್ಕೆ ಹಾಗಲ ನೂರು ತರಕಾರಿಗೆ ಸಮ, ಮಂಗರವಳ್ಳಿ ಮುನ್ನೂರಕ್ಕೆ, ಹಲಸು ಆರುನೂರಕ್ಕೆ ಅಂತ ಒಂದು ಶ್ಲೋಕ ಇದೆ. ಅಡುಗೆ ಭಟ್ರು ಪಾಲಿಗೆ ಅದು ದೊಡ್ಡ ಉಪಕಾರ.

ನಮ್ಮ ಕರಾವಳಿಯಲ್ಲಿ ತುಳುವರ ಮನೆಗಳಲ್ಲಿ ಪಕ್ಷಕ್ಕಿಂತ ಆಟಿ ಅಮಾವಾಸ್ಯೆ, ದೀಪಾವಳಿ ಪರ್ಬಕ್ಕೆ ತೀರಿಹೋದವರಿಗೆ ಅಗೆಲು, ಅಂದ್ರೆ ಎಡೆ, ಬಳಸುವುದು ಹೆಚ್ಚು. ಕೋಳಿ ಸಾರೂ ಇರ್ತದೆ, ರೊಟ್ಟಿಯೂ ಇರ್ತದೆ. ಕೊಡಗಿನಲ್ಲಿ ಹಿರಿಯರಿಗೆ ಎಡೆ ಕೊಡೋದಕ್ಕೆ ಕಾರಣಂಗ್ ಕೊಡ್‌ಪ ಅಂತ, ಅದ್ರಲ್ಲಿ ಮಾಂಸ, ಮದ್ಯ ಎರಡೂ ಸಲ್ಲುತ್ತೆ. ಕರ್ನಾಟಕದ ಒಂದೊಂದು ಜಿಲ್ಲೆಗೆ ಒಂದೊಂದು ಶಾಸ್ತ್ರ, ಜಗಳ ಆಡಿ ಏನು ಮಾಡೂದು?

ಜವಾರಿ_ಜ್ವಾಳ
ನಮ್ಮ ಕಡೆ ಹಿರ್ಯಾರ ಹಬ್ಬಕ್ಕ ಹೋಳಿಗಿ ಇಲ್ಲಂದ್ರ ಹಬ್ಬನ ಅಲ್ಲ. ಕಡ್ಲಿಬ್ಯಾಳಿ ಒಂದು ಕಿಲೋ, ಬೆಲ್ಲ ಒಂದು ಕಿಲೋ, ಸರಿಸಮ. ಬ್ಯಾಳಿ ಬೆಟ್ಟಿಗೆ ಒತ್ತಿದ್ರ ಒಡೀಬೇಕು, ಕರಗಬಾರ್ದು. ಕರಗಿತಂದ್ರ ಹೂರಣ ನೀರಾಗಿ ಹೋಳಿಗಿ ಹರೀತದ. ಬಸದ ಕಟ್ಟು ಚೆಲ್ಲಬ್ಯಾಡ್ರಿ, ಕಟ್ಟಿನ ಸಾರು ಎಡಿಗೆ ಬೇಕಾಗ್ತದ.

ಮೂರನೇ_ಮಹಡಿ
ಎಲ್ಲರಿಗೂ ಧನ್ಯವಾದ. ಬಾಡಿನ ಎಡೆ 4ನೇ ತಾರೀಕಿಗೆ, ಅಮಾವಾಸ್ಯೆಗೆ ಸಿಹಿ ಎಡೆ ಅಂತ ಮಾಡ್ಕೋತೀನಿ. ಕಜ್ಜಾಯದ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲವಲ್ಲ?

ಒರಳುಕಲ್ಲು
ಬರೀತಿದ್ದೆ, ಉದ್ದ ಆಯ್ತು.

ಅಕ್ಕಿ 1 ಕೆ.ಜಿ., ಬೆಲ್ಲ ಮುಕ್ಕಾಲು ಕೆ.ಜಿ. ಸೋನಾ ಮಸೂರಿಯಂಥ ಮಾಮೂಲಿ ಬೆಳ್ತಿಗೆ ಅಕ್ಕಿ ಸಾಕು, ಕುಸುಬಲಕ್ಕಿ ಆಗಲ್ಲ. ಒಂದು ಹಗಲು ಒಂದು ರಾತ್ರಿ ನೆನೆಸಿ, ಮಧ್ಯೆ ಎರಡು ಸಲ ನೀರು ಬದಲಿಸಿ, ಇಲ್ಲಾಂದ್ರೆ ಹುಳಿ ವಾಸನೆ. ಬಸಿದು ನೆರಳಲ್ಲಿ ಬಟ್ಟೆ ಮೇಲೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಬಿಸಿಲಿಗೆ ಬೇಡ. ಕೈಲಿ ಹಿಡಿದ್ರೆ ಅಂಗೈಗೆ ತಂಪು ತಟ್ಟಬೇಕು, ನೀರು ಅಂಟಬಾರದು. ಆ ಹಸಿ ಇರೋವಾಗಲೇ ಪುಡಿ ಮಾಡಿ ಜರಡಿ ಹಿಡೀರಿ. ಹಿಟ್ಟನ್ನ ಅದುಮಿ ಮುಚ್ಚಿಡಿ, ಒಣಗೋಕೆ ಬಿಡಬೇಡಿ. ಅಂಗಡಿ ಅಕ್ಕಿಹಿಟ್ಟಲ್ಲಿ ಕಜ್ಜಾಯ ಬರಲ್ಲ, ಅದು ಒಣಹಿಟ್ಟು, ಪಾಕ ಹೀರಿ ಕಲ್ಲಾಗುತ್ತೆ.

ಬೆಲ್ಲಕ್ಕೆ ಅರ್ಧ ಲೋಟ ನೀರು, ಕರಗಿದ ಮೇಲೆ ಸೋಸಿ ಮತ್ತೆ ಒಲೆಗೆ. ಈಗ ಪಕ್ಕದಲ್ಲೊಂದು ತಟ್ಟೇಲಿ ತಣ್ಣೀರು ಇಟ್ಕೊಂಡು ನಿಂತ್ಕೊಳ್ಳಿ, ಫೋನ್ ಮುಟ್ಟಬೇಡಿ. ಪಾಕದ ಹನಿ ನೀರಿಗೆ ಬಿಟ್ರೆ ಮೊದಲು ಚದುರುತ್ತೆ. ಆಮೇಲೆ ತಳದಲ್ಲಿ ಕೂರುತ್ತೆ, ಬೆರಳಲ್ಲಿ ಎತ್ತೋಕೆ ಬರಲ್ಲ. ಆಮೇಲೆ ಬೆರಳಿಗೆ ಬಂದು ಮೆತ್ತನೆ ಉಂಡೆ ಆಗುತ್ತೆ, ಒತ್ತಿದ್ರೆ ಚಪ್ಪಟೆ. ಅದೇ ಹದ, ಒಲೆ ಆರಿಸಿ. ಇನ್ನೊಂದು ನಿಮಿಷ ಬಿಟ್ರೆ ಉಂಡೆ ತಟ್ಟೆಗೆ ಬಡಿದು ಟಣ್ ಅನ್ನುತ್ತೆ, ಆಗ ಕಜ್ಜಾಯ ಹಲ್ಲಿಗೆ ಸವಾಲು. ಎಳ್ಳು, ಗಸಗಸೆ, ಏಲಕ್ಕಿ ಹಾಕಿ, ಹಿಟ್ಟನ್ನ ಸ್ವಲ್ಪ ಸ್ವಲ್ಪ ಉದುರಿಸ್ತಾ ತಿರುಗಿಸಿ. ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಇರೋವಾಗ ನಿಲ್ಲಿಸಿ. ಹಿಟ್ಟು ಒಂದೆರಡು ಹಿಡಿ ಮಿಗುತ್ತೆ, ಅದು ಮಿಗಲಿ, ಅದೇ ನಿಮ್ಮ ಔಷಧಿ. ಮೇಲೆ ತುಪ್ಪ ಸವರಿ ರಾತ್ರಿ ಇಡಿ, ಬೆಳಗ್ಗೆಗೆ ಗಟ್ಟಿಯಾಗಿರುತ್ತೆ.

ಮೊದಲು ಒಂದೇ ಒಂದು ಬಿಟ್ಟು ನೋಡಿ. ಎಣ್ಣೇಲಿ ಬಿಚ್ಚಿ ಚೂರಾದ್ರೆ ಪಾಕ ಎಳಸು: ಮಿಕ್ಕ ಹಿಟ್ಟು ಒಂದು ಹಿಡಿ ಕಲಸಿ ಹತ್ತು ನಿಮಿಷ ಬಿಡಿ. ಮೇಲೆ ಕೆಂಪಾಗಿ ಒಳಗೆ ಹಸಿ ಇದ್ರೆ ಎಣ್ಣೆ ಕಾದಿದ್ದು ಜಾಸ್ತಿ. ಗಟ್ಟಿಯಾದ್ರೆ ಎರಡು ಚಮಚ ಬಿಸಿ ಹಾಲು ಹಾಕಿ ನಾದಿ, ಅಥವಾ ಅರ್ಧ ಕಳಿತ ಬಾಳೆಹಣ್ಣು. ತೆಗೆದ ತಕ್ಷಣ ಎರಡು ಚಪ್ಪಟೆ ಸೌಟಿನ ಮಧ್ಯೆ ಒತ್ತಿ ಎಣ್ಣೆ ಹಿಂಡಿ. ಗಾಳಿಯಾಡದ ಡಬ್ಬಿಗೆ ಪೂರ್ತಿ ಆರಿದ ಮೇಲೆ ಹಾಕಿ, ಬಿಸಿ ಹಾಕಿದ್ರೆ ಬೂಸ್ಟು ಬರುತ್ತೆ.

ಕೊಕ್ಕರೆ_ಬೆಳ್ಳೂರಲ್ಲ
"ಫೋನ್ ಮುಟ್ಟಬೇಡಿ" ಅನ್ನೋದೇ ಇಡೀ ಪಾಕಶಾಸ್ತ್ರ.

ಗೂಡಂಗಡಿ
ಕಾಗೆ ಬಗ್ಗೆ. ಫ್ಲ್ಯಾಟಿನ ಬಾಲ್ಕನಿಗೆ ಪಾರಿವಾಳ ಮೊದಲು ಬರುತ್ತೆ, ಅದೂ ಬಲೆ ಕಟ್ಟಿರದಿದ್ರೆ. ಟೆರೇಸಿಗೇ ಹೋಗಿ, ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ. ಎಲೆ ತುಂಡಿನ ಮೇಲೆ ಅನ್ನ, ಮೊಸರು, ಮೇಲೆ ಒಂದು ವಡೆ. ವಡೆ ಇದ್ರೆ ಬೇಗ ಬರುತ್ತೆ. ಒಂದು ಮಣ್ಣಿನ ತಟ್ಟೇಲಿ ನೀರು. ಇಟ್ಟು ದೂರ ಸರಿದು ನಿಲ್ಲಿ, ತಲೆ ಮೇಲೆ ನಿಂತು ವಿಡಿಯೊ ತೆಗೆದ್ರೆ ಯಾವ ಕಾಗೆ ಬರುತ್ತೆ? ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಇಡಬೇಡಿ, ಮುಚ್ಚಳ ಸರಿ ಇಲ್ಲದ ಟ್ಯಾಂಕಿಗೆ ಮೂಳೆ ಬೀಳುತ್ತೆ, ಆಮೇಲೆ ಇಡೀ ಅಪಾರ್ಟ್‌ಮೆಂಟು ನಿಮ್ಮ ಹಿರಿಯರನ್ನ ನೆನೆಯುತ್ತೆ. ಬರದೇ ಹೋದ್ರೆ ಸಸ್ಯಾಹಾರದ ಎಡೆ ಹಸುವಿಗೆ ಕೊಡಿ.

ಬೆರಣಿ
ಧೂಪ ಯಾರೂ ಹೇಳಿಲ್ಲ. ಕೆಂಡಕ್ಕೆ ತೆಂಗಿನ ಚಿಪ್ಪು ಸುಟ್ಟು ಮಾಡ್ಕೊಂಡ ಇದ್ದಿಲು ಒಳ್ಳೇದು, ಆದರೆ ಗ್ಯಾಸ್ ಮೇಲೆ ಕಾಯಿಸೋಕೆ ಹತ್ತು ನಿಮಿಷ ಬೇಕು, ಎಡೆ ಬಡಿಸೋ ಮುಂಚೆಯೇ ಇಡಿ. ಸಾಂಬ್ರಾಣಿ ಪುಡಿ ಕಾಲು ಚಮಚಕ್ಕಿಂತ ಜಾಸ್ತಿ ಒಮ್ಮೆಗೆ ಹಾಕಬೇಡಿ. ಹೊಗೆ ಎಚ್ಚರಿಕೆ ಯಂತ್ರ ಇರೋ ಮನೆಯಾದ್ರೆ ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟೋ ಬುದ್ಧಿ ಬೇಡ, ಬಾಲ್ಕನಿ ಬಾಗಿಲು ತೆಗೆದು ಅದರ ಹತ್ತಿರವೇ ಧೂಪ ಹಾಕಿ ಎಡೆ ಕಡೆ ಬೀಸಿ.

ಧೂಪ ಆದ ಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಡೋ ಪದ್ಧತಿ ಇದೆಯಲ್ಲ, ದೀಪ, ಕೆಂಡ ಎರಡೂ ಬಟ್ಟೆಯಿಂದ ಎರಡು ಅಡಿ ದೂರ ಇದೆಯಾ ನೋಡಿ ಮುಚ್ಚಿ. ಹೊಸ ನೈಲಾನ್ ಸೀರೆಗೆ ಒಂದು ಕಿಡಿ ಸಾಕು. ಕೀಲಿ ಒಳಗೇ ಬಿಟ್ಟು ಬರಬೇಡಿ, ತಾನೇ ಲಾಕ್ ಆಗೋ ಬಾಗಿಲುಗಳಿವೆ.

ಎಡಿಸನ್_ಎಮ್ಮೆ
ನ್ಯೂಜೆರ್ಸಿಯವರಿಗೆ? ನಮಗೂ 10ನೇ ತಾರೀಕೇನಾ?

ತಿಥಿವಾರ
ಅಲ್ಲ, ಇಲ್ಲೇ ಬಹಳ ಜನ ತಪ್ಪೋದು. ಅಮಾವಾಸ್ಯೆ ಮುಗಿಯೋ ಕ್ಷಣ ಜಗತ್ತಿಗೆಲ್ಲ ಒಂದೇ, ಗಡಿಯಾರ ಬೇರೆ. ನಿಮ್ಮಲ್ಲಿ 10ರ ಶನಿವಾರ ಬೆಳಗ್ಗೆ 11.50ಕ್ಕೇ ಮುಗಿದು ಹೋಗುತ್ತೆ. ಅಪರಾಹ್ನ ಶುರುವಾಗೋದು ಸುಮಾರು 1.50ಕ್ಕೆ, ಅಷ್ಟರಲ್ಲಿ ಪಾಡ್ಯ. 9ರ ಶುಕ್ರವಾರ ಅಪರಾಹ್ನದಲ್ಲಿ ಅಮಾವಾಸ್ಯೆ ಪೂರ್ತಿ ಇದೆ. ಶುಕ್ರವಾರ ಮಾಡಿ. ಊರಿನ ಕ್ಯಾಲೆಂಡರ್ ಫೋಟೊ ನೋಡಿ ಅಮೆರಿಕದಲ್ಲಿ ಹಬ್ಬ ಮಾಡಬೇಡಿ.

ಎಡಿಸನ್_ಎಮ್ಮೆ
ಶುಕ್ರವಾರ ರಜೆ ಹಾಕ್ಬೇಕು ಅಂತಾಯ್ತು. ತರ್ಪಣ ಮಾತ್ರ ಬಿಡೋದಾದ್ರೆ ಏನು ಬೇಕು?

ಅಗ್ರಹಾರದ_ಮೂಲೆ
ಕರಿ ಎಳ್ಳು 50 ಗ್ರಾಂ, ದರ್ಭೆ, ಅಗಲವಾದ ತಟ್ಟೆ, ಒಂದು ಚೊಂಬು ನೀರು. ದಕ್ಷಿಣಕ್ಕೆ ಮುಖ, ಜನಿವಾರ ಇದ್ರೆ ಬಲ ಹೆಗಲಿಗೆ. ಹೆಬ್ಬೆರಳು ತೋರುಬೆರಳಿನ ಮಧ್ಯದಿಂದ ನೀರು ಬಿಡಬೇಕು, ಬೆರಳ ತುದಿಯಿಂದ ಬಿಟ್ರೆ ಅದು ದೇವತೆಗಳ ಪಾಲು. ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ, ಹೆಸರು ಗೋತ್ರ ಹೇಳಿ ಒಬ್ಬೊಬ್ಬರಿಗೆ ಮೂರು ಸಲ. ಮಹಾಲಯದಲ್ಲಿ ತಾಯಿಯ ತವರಿನವರು, ಚಿಕ್ಕಪ್ಪ, ಅತ್ತೆ, ಗುರು, ಗೆಳೆಯರಿಗೂ ಬಿಡೋದಿದೆ. ಬೇರೆ ತಿಥಿಗಿಂತ ಇದು ದೊಡ್ಡದು ಅನ್ನಿಸೋದೇ ಅದಕ್ಕೆ. ಆ ಪಟ್ಟಿ ಒಂದು ಹಾಳೇಲಿ ಬರೆದಿಟ್ಟುಕೊಳ್ಳಿ, ಆ ಹೊತ್ತಿಗೆ ಮುತ್ತಜ್ಜಿ ಹೆಸರು ಯಾರಿಗೂ ನೆನಪಾಗಲ್ಲ.

ಚಿಲಕ
ಗಂಡುಮಕ್ಕಳಿಲ್ಲದ ಅಪ್ಪಂದಿರಿಗೆ? ಇದನ್ನ ಯಾಕೆ ಯಾರೂ ಕೇಳಲ್ಲ?

ತಿಥಿವಾರ
ಅಮಾವಾಸ್ಯೆ ಮರುದಿನ, ಆಶ್ವಯುಜ ಶುದ್ಧ ಪಾಡ್ಯ, ಮಗಳ ಮಗ ತಾಯಿಯ ತಂದೆಗೆ ಮಾಡೋ ದೌಹಿತ್ರ ಶ್ರಾದ್ಧ ಇದೆ. ಹುಡುಗನ ತಂದೆ ಬದುಕಿದ್ರೂ ಮಾಡಬಹುದು. ಈ ಸಲ 11, ಭಾನುವಾರ.

ಚಿಲಕ
ಅಂದ್ರೆ ಮಗಳು ಅಲ್ಲ, ಮಗಳ ಮಗ.

ಒರಳುಕಲ್ಲು
ಶ್ರಾದ್ಧದ ಲೆಕ್ಕ ಅದು. ಎಡೆಗೆ ಬಟ್ಟೆ ಆರಿಸೋದು, ಬೇಯಿಸೋದು, ಬಡಿಸೋದು ಹೆಣ್ಣುಮಕ್ಕಳೇ, ಗಂಡಸರು ಕೊನೇಲಿ ಕಾಯಿ ಒಡೆಯೋಕೆ ಬರ್ತಾರೆ. ಕಾಯಿ ನೀವೇ ಒಡೀರಿ, ಯಾರು ಹಿಡೀತಾರೆ ನೋಡೋಣ.

ಮಾತು ಬಂತು ಅಂತ ಹೇಳ್ತೀನಿ. ಅಪ್ಪನ ಎಲೆ ಸಲೀಸಾಗಿ ತುಂಬುತ್ತೆ: ಬೀಡಿ, ಬಾಡು, ನಿಪ್ಪಟ್ಟು, ಎಲ್ಲರಿಗೂ ಬಾಯಿಪಾಠ. ಅಮ್ಮನ ಎಲೆ ಮುಂದೆ ಎಲ್ಲರೂ ಮುಖ ಮುಖ ನೋಡ್ತಾರೆ. ಕೊನೇಲಿ ಉಂಡೋಳಿಗೆ ಏನಿಷ್ಟ ಅಂತ ಯಾರು ನೋಡಿರ್ತಾರೆ? ಅವರ ಅಕ್ಕತಂಗಿಯರಿಗೆ ಒಂದು ಫೋನ್ ಮಾಡಿ. ಮದುವೆಗೆ ಮುಂಚೆ ಏನು ತಿಂತಿದ್ರು ಅಂತ ಕೇಳಿ. ಹುರಿಗಡಲೆ ಬೆಲ್ಲ, ಹುಣಸೆಹಣ್ಣು ಉಪ್ಪು, ಮುದ್ದೆ ಪಾತ್ರೆ ತಳದ ಸೀಕು, ಇಂಥದ್ದು ಸಿಗುತ್ತೆ. ಅದನ್ನ ಇಡಿ.

ಜವಾರಿ_ಜ್ವಾಳ
ಇದು ಖರೇ ಮಾತು ನೋಡ್ರಿ.

ಬೆಳಕಿನಕಿಂಡಿ
ಕ್ರೈಸ್ತರಿಗೆ ನವೆಂಬರ್ 2, ಸಕಲ ಮೃತರ ಸ್ಮರಣೆ. ಸಮಾಧಿ ತೊಳೆಯೋರಿಗೆ ಒಂದು ಮಾತು: ಮಾರ್ಬಲ್ ಕಲ್ಲಿಗೆ ಟಾಯ್ಲೆಟ್ ಆ್ಯಸಿಡ್, ನಿಂಬೆರಸ, ವಿನಿಗರ್ ಹಾಕಬೇಡಿ. ಅದು ಸುಣ್ಣದ ಕಲ್ಲು, ಹುಳಿ ತಾಗಿದ್ರೆ ಹೊಳಪು ಹೋಗಿ ಅಕ್ಷರ ಸವೆಯುತ್ತೆ. ಪಾತ್ರೆ ತೊಳೆಯೋ ಸೋಪು ಎರಡು ಹನಿ, ನೈಲಾನ್ ಬ್ರಷ್, ನೀರು. ತಂತಿ ಬ್ರಷ್ ಬೇಡ. ಮೇಣ ಅಂಟಿದ್ರೆ ಐಸ್ ಇಟ್ಟು ಗಟ್ಟಿ ಮಾಡಿ ಪ್ಲಾಸ್ಟಿಕ್ ಕಾರ್ಡಲ್ಲಿ ಎಬ್ಬಿಸಿ. ಸಂಜೆ ಗಾಳಿಗೆ ಬರೀ ಮೊಂಬತ್ತಿ ನಿಲ್ಲಲ್ಲ, ಗಾಜಿನ ಲೋಟದೊಳಗೆ ಇಡಿ.

ನೆಗೆಟಿವ್_ರೀಲು
ಫೋಟೊ ಇಲ್ಲ, ಪಾಸ್‌ಪೋರ್ಟ್ ಸೈಜಿನದು ಒಂದೇ ಇದೆ ಅನ್ನೋರಿಗೆ: ಮೊಬೈಲಲ್ಲಿ ಫೋಟೊದ ಫೋಟೊ ತೆಗೆದು ದೊಡ್ಡದು ಮಾಡಿಸಬೇಡಿ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿ. 3.5 ಗುಣಿಸು 4.5 ಸೆಂ.ಮೀ. ಚಿತ್ರಕ್ಕೆ ಸುಮಾರು 1650 ಗುಣಿಸು 2125 ಪಿಕ್ಸೆಲ್ ಬರುತ್ತೆ, 8 ಗುಣಿಸು 10 ಇಂಚಿಗೆ ಸಾಕು. ಅದಕ್ಕಿಂತ ದೊಡ್ಡದು ಮಾಡಿಸಿದ್ರೆ ಮುಖ ಮಸುಕು. ಸ್ಟುಡಿಯೊದವರು ಮುಖ ನುಣ್ಣಗೆ ಮಾಡ್ತೀವಿ ಅಂತಾರೆ, ಬೇಡ ಅನ್ನಿ. ಸುಕ್ಕು ಹೋದ್ರೆ ಅದು ಬೇರೆ ಯಾರೋ.

ಗೂಡಂಗಡಿ
ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಗೆ ಪಿಂಡ ಬಿಡೋಕೆ ಹೋಗೋರು ಬಟ್ಟೆ, ಫೋಟೊ, ಪ್ಲಾಸ್ಟಿಕ್ ಕವರು ಕಾವೇರಿಗೆ ಬಿಡಬೇಡಿ ಸ್ವಾಮಿ. ಪಿಂಡ ಮೀನು ತಿನ್ನುತ್ತೆ, ಪಾಲಿಯೆಸ್ಟರ್ ಪಂಚೆ ಯಾರು ತಿಂತಾರೆ?

ಮೂರನೇ_ಮಹಡಿ
ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮನಿಗೆ ಅವರೆಬೇಳೆ ಉಪ್ಪಿಟ್ಟಂತೆ. ಅಕ್ಟೋಬರ್‌ನಲ್ಲಿ ಸೊಗಡಿನ ಅವರೆ ಎಲ್ಲಿ ತರಲಿ?

ಒರಳುಕಲ್ಲು
ಹಸಿ ಅವರೆ ಆಗ ಬಂದಿರಲ್ಲ. ಒಣ ಅವರೆಕಾಳು ಕಾಲು ಕೆ.ಜಿ., ಹನ್ನೆರಡು ಗಂಟೆ ನೆನೆಸಿ, ಹಿತುಕಿ ಸಿಪ್ಪೆ ತೆಗೀರಿ. ಸೊಗಡು ಕಮ್ಮಿ, ಅದಕ್ಕೆ ಒಗ್ಗರಣೆಗೆ ಹೆಚ್ಚು ಕಾಯಿ ತುರಿ. ಕುಕ್ಕರಿಗೆ ಹಾಕಬೇಡಿ, ಪೇಸ್ಟಾಗುತ್ತೆ, ಬಾಣಲೇಲಿ ಬೇಯಿಸಿ.

ಮೂರನೇ_ಮಹಡಿ
ಸರಿ. ಕೊನೇ ಪ್ರಶ್ನೆ. ಅಪ್ಪನ ಎಡೆಗೆ ಬೀಡಿ ಇಡ್ತೀವಿ. ಹಚ್ಚಿ ಇಡಬೇಕಾ, ಹಾಗೇನಾ?

ಬಾಡುಬಳಗ
ಕಟ್ಟು ಬಿಚ್ಚಿ ಎರಡು ಬೀಡಿ, ಪಕ್ಕದಲ್ಲಿ ಬೆಂಕಿಪೊಟ್ಟಣ. ಹಚ್ಚೋದು ಅವರ ಕೆಲಸ.